ಮನೆಯ ವಿದ್ಯುತ್ ಬೀಸಣಿಗೆ: ಅದರ ಶುಚಿ ಮತ್ತು ಪಾಲನೆ

(ಅಂತಿಮ ಬಿ.ಎ. ತರಗತಿ)

ನಾವು ಮನೆಯೊಳಗೆ ತಂದಿಟ್ಟುಕೊಂಡಿರುವ ಯಂತ್ರಗಳ ಪೈಕಿ ಅತಿ ಹೆಚ್ಚು ಹೊತ್ತು ದುಡಿಯುವುದೂ, ಅತಿ ಕಡಿಮೆ ಉಪಚಾರ ಪಡೆಯುವುದೂ ವಿದ್ಯುತ್ ಬೀಸಣಿಗೆಯೇ ಎಂದರೆ ತಪ್ಪಾಗಲಾರದು. ಗುಬ್ಬಿ ತಾಲ್ಲೂಕಿನ ನಮ್ಮ ಚೇಳೂರಿನ ಕಡೆ ಬೇಸಗೆಯಲ್ಲಿ ಸೆಕೆಗಾಗಿ, ಮಳೆಗಾಲದಲ್ಲಿ ಸೊಳ್ಳೆಗಾಗಿ ಅದು ತಿರುಗುತ್ತಲೇ ಇರುತ್ತದೆ. ಜನರ ಬಾಯಲ್ಲಿ ಅದು ‘ಫ್ಯಾನು’. ಈ ಲೇಖನದಲ್ಲಿ ಎರಡು ಮಾತುಗಳನ್ನೂ ಬಳಸಿದ್ದೇನೆ.

ನಾನು ಕಲಾವಿಭಾಗದ ವಿದ್ಯಾರ್ಥಿ; ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವುಂಟು. ಗಾಡಿಗೆ ಕೀಲೆಣ್ಣೆ ಯಾವಾಗ ಹಾಕಬೇಕು, ಬಾವಿಯ ರಾಟೆ ಏಕೆ ಕಿರುಗುಟ್ಟುತ್ತದೆ, ಕುಡುಗೋಲನ್ನು ಎಷ್ಟು ದಿನಕ್ಕೊಮ್ಮೆ ಹದ ಮಾಡಿಸಬೇಕು ಎಂಬುದನ್ನು ನಮ್ಮ ತಾತನವರಿಗೆ ಯಾರೂ ಬರೆದು ಕೊಡಬೇಕಾಗಿರಲಿಲ್ಲ. ಅದು ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಬಂದ ವಿದ್ಯೆ. ಫ್ಯಾನಿನ ವಿಷಯದಲ್ಲಿ ಅಂತಹ ವಿದ್ಯೆ ನಮ್ಮ ಮನೆಗಳಿಗೆ ಬಂದಿಲ್ಲ. ಫ್ಯಾನಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೂಚನಾಪತ್ರವೊಂದಿರುತ್ತದೆ. ಅದು ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ಅದನ್ನು ಓದಬಲ್ಲ ಮೊದಲನೆಯವನು ನಾನು. ಹಬ್ಬ ಬಂದಾಗ ಸ್ಟೂಲು ಹತ್ತಿ ಫ್ಯಾನು ಒರೆಸುವವರಾದರೋ ನಮ್ಮ ತಾಯಿ. ಓದಬಲ್ಲವನು ಒಬ್ಬ, ಅಪಾಯಕ್ಕೆ ಕೈಯೊಡ್ಡುವವರು ಇನ್ನೊಬ್ಬರು ಎಂಬ ಈ ಸ್ಥಿತಿ ನಮ್ಮ ಕಾಲೇಜಿನ ಅನೇಕ ವಿದ್ಯಾರ್ಥಿಮಿತ್ರರ ಮನೆಗಳಲ್ಲೂ ಇರಬಹುದು. ಆದುದರಿಂದ ತಿಳಿದಷ್ಟನ್ನು ಕನ್ನಡದಲ್ಲಿ ಕ್ರಮವಾಗಿ ಹೇಳಲು ಇಲ್ಲಿ ಯತ್ನಿಸಿದ್ದೇನೆ.

ಬೀಸಣಿಗೆಯ ಹಿನ್ನೆಲೆ

ವಿದ್ಯುತ್ತಿಗೆ ಮೊದಲು ದೊಡ್ಡ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಮಾಡಿಗೆ ಬಟ್ಟೆಯ ಪಂಖವನ್ನು ತೂಗುಹಾಕಿ ಆಳುಗಳಿಂದ ಹಗ್ಗ ಎಳೆಸುತ್ತಿದ್ದರು. 1882ರಲ್ಲಿ ಅಮೆರಿಕದ ಷೈಲರ್ ವೀಲರ್ ಎಂಬಾತನು ಎರಡು ರೆಕ್ಕೆಗಳ ಮೇಜಿನ ವಿದ್ಯುತ್ ಬೀಸಣಿಗೆಯನ್ನು ರೂಪಿಸಿದನು. ಅದೇ ದಶಕದಲ್ಲಿ ಫಿಲಿಪ್ ಡೀಲ್ ಎಂಬಾತನು ಹೊಲಿಗೆ ಯಂತ್ರಕ್ಕೆಂದು ಮಾಡಿದ ಮೋಟಾರಿಗೆ ರೆಕ್ಕೆ ಜೋಡಿಸಿ ಮಾಡಿಗೆ ತೂಗುಹಾಕಿದನು. ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಹಳ್ಳಿಗಳಿಗೆ ಅದು ಬಂದು ಸೇರಲು ಇನ್ನೂ ಹಲವು ದಶಕಗಳು ಹಿಡಿದವು. ಹೀಗೆ ತಡವಾಗಿ ಬಂದ ನೆಂಟನಾದುದರಿಂದಲೇ ಅದರ ಸ್ವಭಾವ ನಮಗೆ ಇನ್ನೂ ಪೂರ್ತಿ ಪರಿಚಯವಾಗಿಲ್ಲ.

ಅದರ ಒಡಲು

ಶುಚಿಮಾಡುವ ಮೊದಲು ಯಾವ ಭಾಗ ಎಂತಹುದೆಂದು ತಿಳಿದಿರಬೇಕು. ಮಾಡಿನ ಫ್ಯಾನಿನಲ್ಲಿ ಒಂದು ವಿಶೇಷವುಂಟು. ಸಾಮಾನ್ಯ ಮೋಟಾರಿನಲ್ಲಿ ಹೊರಗಿನ ಕವಚ ನಿಂತಿದ್ದು ಒಳಗಿನ ಅಚ್ಚು ತಿರುಗುತ್ತದೆ. ಇಲ್ಲಿ ಒಳಗಿನ ತಾಮ್ರದ ಸುರುಳಿಗಳು ನಿಂತಿರುತ್ತವೆ, ಹೊರಗಿನ ಕವಚವೇ ರೆಕ್ಕೆಗಳನ್ನು ಹೊತ್ತು ತಿರುಗುತ್ತದೆ. ಒಳಭಾಗವು ಮೇಲಿನ ಸರಳಿಗೆ ಬಿಗಿದಿರುತ್ತದೆ. ಸರಳು ಮಾಡಿನ ಕೊಕ್ಕೆಗೆ ಸೇರಿರುತ್ತದೆ. ಒಳಗಿನದಕ್ಕೂ ಹೊರಗಿನದಕ್ಕೂ ನಡುವೆ ಮೇಲೊಂದು ಕೆಳಗೊಂದು ಗುಂಡಿನ ಬೇರಿಂಗುಗಳಿರುತ್ತವೆ.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ಏಕಫೇಸ್ ವಿದ್ಯುತ್ತು. ಒಂದೇ ಫೇಸಿನಿಂದ ಮೋಟಾರು ತಾನಾಗಿ ತಿರುಗಲಾರದು. ಅದು ಗುಂಯ್‌ಗುಟ್ಟುತ್ತ ನಿಂತುಬಿಡುತ್ತದೆ. ಆದುದರಿಂದ ಎರಡು ಸುರುಳಿಗಳನ್ನಿಟ್ಟು, ಒಂದರ ದಾರಿಯಲ್ಲಿ ಒಂದು ಸಣ್ಣ ಡಬ್ಬಿಯನ್ನು ಸೇರಿಸುತ್ತಾರೆ. ರಿಪೇರಿಯವರು ‘ಕಂಡೆನ್ಸರ್’ ಎನ್ನುವುದು ಇದನ್ನೇ. ಮಾಡಿನ ಫ್ಯಾನುಗಳಲ್ಲಿ ಸಾಮಾನ್ಯವಾಗಿ ಇದರ ಅಳತೆ ಎರಡೂವರೆ ಮೈಕ್ರೋಫ್ಯಾರಡ್. ಇದು ಎರಡನೆಯ ಸುರುಳಿಯ ವಿದ್ಯುತ್ತನ್ನು ಕಾಲದಲ್ಲಿ ಕೊಂಚ ಮುಂದಕ್ಕೆ ಸರಿಸುತ್ತದೆ. ಎರಡು ಸುರುಳಿಗಳು ಒಂದರ ಹಿಂದೊಂದು ಸೆಳೆಯುವುದರಿಂದ ಕವಚವು ಆ ಸೆಳೆತದ ಬೆನ್ನು ಹತ್ತಿ ತಿರುಗುತ್ತದೆ. ಬಾವಿಯಿಂದ ಕೊಡ ಸೇದುವವರು ಒಂದು ಕೈ ಬಿಟ್ಟಾಗ ಇನ್ನೊಂದು ಕೈಯಿಂದ ಹಗ್ಗ ಹಿಡಿಯುವ ಹಾಗೆ ಎಂದು ಭಾವಿಸಿದರೆ ಸಾಕು.

ಧೂಳು ಏಕೆ ಕೂರುತ್ತದೆ?

ನಿಮಿಷಕ್ಕೆ ಮುನ್ನೂರೈವತ್ತು ಸುತ್ತು ತಿರುಗುವ ರೆಕ್ಕೆಯ ಮೇಲೆ ಧೂಳು ನಿಲ್ಲುವುದಾದರೂ ಹೇಗೆ ಎಂಬ ಪ್ರಶ್ನೆ ಸಹಜವಾದುದು. ರೆಕ್ಕೆ ಎಷ್ಟೇ ವೇಗವಾಗಿ ತಿರುಗಿದರೂ ಅದರ ಮೈಗೆ ಅಂಟಿಕೊಂಡಿರುವ ಗಾಳಿಯ ತೆಳುಪದರವು ರೆಕ್ಕೆಯೊಡನೆಯೇ ಸಾಗುತ್ತದೆ. ಆ ಪದರದೊಳಕ್ಕೆ ಬಂದ ಕಣವನ್ನು ಗಾಳಿ ಹಾರಿಸಲಾರದು. ಗಾಳಿಯ ಉಜ್ಜುವಿಕೆಯಿಂದ ರೆಕ್ಕೆಗೆ ಅಲ್ಪ ಪ್ರಮಾಣದ ವಿದ್ಯುದಂಶವೂ ಕೂಡಿ ಧೂಳನ್ನು ಸೆಳೆಯುತ್ತದೆ. ಗಾಳಿಯನ್ನು ಮೊದಲು ಸೀಳುವ ಅಂಚಿನಲ್ಲಿ ಧೂಳು ದಪ್ಪನಾಗಿರುವುದನ್ನು ಯಾರಾದರೂ ನೋಡಬಹುದು. ಅಡಿಗೆಮನೆ ಹತ್ತಿರವಿದ್ದರೆ ಒಗ್ಗರಣೆಯ ಎಣ್ಣೆಹೊಗೆ ಇದಕ್ಕೆ ಅಂಟಾಗಿ ಸೇರಿ, ಧೂಳು ಕರಿಯ ಜಿಡ್ಡಾಗುತ್ತದೆ.

ನಮ್ಮ ಕಡೆಯ ಧೂಳಿಗೆ ಕಾಲವೂ ಉಂಟು. ರಾಗಿಯ ಒಕ್ಕಣೆ ನಡೆಯುವಾಗ ಕಣದ ಹೊಟ್ಟು ಊರಿಗೆಲ್ಲ ಹಾರುತ್ತದೆ. ಬೇಸಗೆಯಲ್ಲಿ ಕೆಮ್ಮಣ್ಣಿನ ಧೂಳು. ಚೇಳೂರಿನ ಹಲಸಿನ ಸಂತೆಯ ದಿನಗಳಲ್ಲಿ ಹಣ್ಣು ತುಂಬಲು ಬರುವ ಲಾರಿಗಳು ಎಬ್ಬಿಸುವ ಧೂಳು ಬೇರೆ. ಆಷಾಢದ ಗಾಳಿಯಲ್ಲಿ ಹೆಂಚಿನ ಸಂದಿನಿಂದ ಸಣ್ಣ ಪುಡಿ ಉದುರುತ್ತದೆ. ಇವೆಲ್ಲ ಸೇರಿ ಅರ್ಧ ವರ್ಷದಲ್ಲಿ ರೆಕ್ಕೆಯ ಅಂಚಿನ ಆಕಾರವನ್ನೇ ಕೆಡಿಸುತ್ತವೆ. ಆಗ ಅದೇ ಕರೆಂಟಿಗೆ ಬರುವ ಗಾಳಿ ಕಡಿಮೆಯಾಗುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಮೋಟಾರಿನ ಕವಚದಲ್ಲಿ ಬಿಸಿ ಹೊರಹೋಗಲೆಂದು ಬಿಟ್ಟಿರುವ ಸೀಳುಗಳು ಮುಚ್ಚಿಹೋಗುವುದು. ತಾಮ್ರದ ತಂತಿಯ ಮೇಲಿನ ವಾರ್ನಿಷು ಶಾಖದಿಂದ ಬೇಗ ಮುಪ್ಪಾಗುತ್ತದೆ. ಶಾಖವು ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ವಿದ್ಯುತ್ ಯಂತ್ರಗಳ ವಿಷಯದಲ್ಲಿ ಬಳಕೆಯಲ್ಲಿರುವ ಸ್ಥೂಲ ನಿಯಮ.

ಕೈ ಹಚ್ಚುವ ಮೊದಲು

ಈ ಭಾಗವನ್ನು ವಾಚಕರು ದಯವಿಟ್ಟು ಎರಡು ಸಲ ಓದಬೇಕು. ಸಾಧ್ಯವಾದರೆ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು.

ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಕೆಂದು ಬಹಳ ಜನ ನಂಬಿದ್ದಾರೆ. ಇದು ಸಾಲದು. ಸ್ವಿಚ್ಚು ಫೇಸ್ ತಂತಿಯ ದಾರಿಯಲ್ಲಿರಬೇಕೆಂಬುದು ನಿಯಮ. ಆದರೆ ವೈರಿಂಗ್ ಮಾಡಿದವರು ಅಜಾಗರೂಕತೆಯಿಂದ ಅದನ್ನು ನ್ಯೂಟ್ರಲ್ ತಂತಿಯಲ್ಲಿ ಕೂಡಿಸಿದ್ದರೆ, ಫ್ಯಾನು ನಿಂತಿದ್ದರೂ ಅದರೊಳಗೆ ವಿದ್ಯುತ್ತು ಇದ್ದೇ ಇರುತ್ತದೆ. ನೋಟಕ್ಕೆ ಎರಡೂ ಒಂದೇ. ಆದುದರಿಂದ ಮನೆಯ ಮೈನ್ ಸ್ವಿಚ್ಚನ್ನೇ ಇಳಿಸತಕ್ಕದ್ದು. ಯಾರಾದರೂ ತಿಳಿಯದೆ ಅದನ್ನು ಎತ್ತದಂತೆ ಹತ್ತಿರ ಒಬ್ಬರನ್ನು ನಿಲ್ಲಿಸುವುದು ಮೇಲು. ಕರೆಂಟು ಹೋಗಿರುವ ಸಮಯದಲ್ಲಿ ಒರೆಸಿಬಿಡೋಣವೆಂಬುದು ಅಪಾಯದ ಆಲೋಚನೆ. ಹೋದದ್ದು ಯಾವ ಗಳಿಗೆಯಲ್ಲಾದರೂ ಬರುತ್ತದೆ. ಆಗ ಕೈಯಲ್ಲಿ ಒದ್ದೆಬಟ್ಟೆ, ತಲೆಯ ಬಳಿ ರೆಕ್ಕೆ.

ಮೈನ್ ಇಳಿಸಿದ ಮೇಲೂ ಕಂಡೆನ್ಸರಿನಲ್ಲಿ ಸ್ವಲ್ಪ ವಿದ್ಯುತ್ತು ಉಳಿದಿರಬಹುದು. ಅದರ ಹೊಡೆತ ಸಣ್ಣದೇ. ಆದರೆ ಸ್ಟೂಲಿನ ಮೇಲೆ ನಿಂತವರನ್ನು ಬೆಚ್ಚಿಬೀಳಿಸಲು ಅಷ್ಟೇ ಸಾಕು. ಬೀಳುವುದರಿಂದ ಆಗುವ ಪೆಟ್ಟು ವಿದ್ಯುತ್ತಿನ ಪೆಟ್ಟಿಗಿಂತ ಕಡಿಮೆಯದಲ್ಲ. ಆದುದರಿಂದ ಮೇಲಿನ ಬಟ್ಟಲನ್ನು ಸರಿಸಿ ತಂತಿಗಳ ಬಳಿ ಕೈಹಾಕುವ ಕೆಲಸ ಮನೆಯವರದಲ್ಲ. ಕುರ್ಚಿಯ ಮೇಲೆ ಡಬ್ಬ ಇಟ್ಟು ಹತ್ತಕೂಡದು. ಗಟ್ಟಿಯಾದ ಏಣಿ ಅಥವಾ ಸ್ಟೂಲು ಇರಲಿ. ಅದನ್ನು ಇನ್ನೊಬ್ಬರು ಹಿಡಿದಿರಲಿ. ಫ್ಯಾನನ್ನು ಹಿಡಿದುಕೊಂಡು ಮೈಭಾರ ಬಿಡಕೂಡದು. ಮನೆಯ ಮೈನ್ ಬೋರ್ಡಿನಲ್ಲಿ ಭೂಸೋರಿಕೆಯನ್ನು ತಡೆಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದ್ದರೆ ಬಹಳ ಒಳ್ಳೆಯದು. ಅದು ಪ್ರಾಣರಕ್ಷಕ, ಆದರೆ ಅದಿದೆಯೆಂದು ಮೈನ್ ಇಳಿಸುವುದನ್ನು ಬಿಡಲಾಗದು.

ಶುಚಿ ಮಾಡುವ ಕ್ರಮ

ಕೆಳಗಿರುವ ಮಂಚ, ಹಾಸಿಗೆ, ನೀರಿನ ಕೊಡಗಳನ್ನು ಸರಿಸಿ ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳಿತು. ಉಬ್ಬಸವಿರುವವರು ಈ ಕೆಲಸಕ್ಕೆ ಇಳಿಯಲೇಬಾರದು.

ಒಣಧೂಳನ್ನು ಮೊದಲು ತೆಗೆಯಬೇಕು. ಇದಕ್ಕೆ ಸುಲಭ ಸಾಧನ ಹಳೆಯ ದಿಂಬಿನ ಗವುಸು. ರೆಕ್ಕೆಯನ್ನು ತುದಿಯಿಂದ ಬುಡದವರೆಗೆ ಗವುಸಿನೊಳಕ್ಕೆ ತೂರಿಸಿ, ಎರಡು ಕಡೆಯಿಂದ ಹಗುರವಾಗಿ ಅದುಮಿ, ಮೆಲ್ಲಗೆ ಹೊರಕ್ಕೆ ಎಳೆದರೆ ಧೂಳೆಲ್ಲ ಗವುಸಿನೊಳಗೇ ಬೀಳುತ್ತದೆ. ಪೊರಕೆಯಿಂದ ಬಡಿಯುವುದು ನಮ್ಮಲ್ಲಿ ವಾಡಿಕೆ. ಅದರಿಂದ ಧೂಳು ಕೆಳಗೂ ಬೀಳುತ್ತದೆ, ಮೋಟಾರಿನ ಸೀಳಿನೊಳಕ್ಕೂ ಹೋಗುತ್ತದೆ. ರೆಕ್ಕೆ ಬಾಗುವ ಭಯವೂ ಉಂಟು.

ಜಿಡ್ಡು ಇದ್ದರೆ ಸೋಪಿನ ನೀರು ಸಾಕು. ಅಂಟುವಾಳಕಾಯಿಯನ್ನು ನೆನೆಸಿ ಕಿವುಚಿದ ನೀರೂ ಜಿಡ್ಡನ್ನು ಚೆನ್ನಾಗಿ ಬಿಡಿಸುತ್ತದೆ, ಬಣ್ಣಕ್ಕೂ ತೊಂದರೆಯಿಲ್ಲ. ಬಟ್ಟೆಯನ್ನು ನೀರು ತೊಟ್ಟಿಕ್ಕದಷ್ಟು ಗಟ್ಟಿಯಾಗಿ ಹಿಂಡಬೇಕು. ಒಂದು ಕೈಯನ್ನು ರೆಕ್ಕೆಯ ಅಡಿಗೆ ಆಸರೆ ಕೊಟ್ಟು ಇನ್ನೊಂದರಿಂದ ಒರೆಸಬೇಕು, ಕಡೆಗೆ ಒಣಬಟ್ಟೆ. ಮರಳು, ಬೂದಿ, ತಂತಿಜುಂಗು ಇವುಗಳಿಂದ ಉಜ್ಜಿದರೆ ಬಣ್ಣ ಕಿತ್ತು ಮುಂದೆ ತುಕ್ಕು ಹಿಡಿಯುತ್ತದೆ. ಮೋಟಾರಿನ ಕವಚಕ್ಕೆ ಒಣಬಟ್ಟೆ ಅಥವಾ ಮೃದುವಾದ ಬ್ರಷ್ಷು ಮಾತ್ರ. ಅದರ ಸೀಳುಗಳೊಳಗೆ ಒಂದು ಹನಿ ನೀರೂ ಹೋಗಕೂಡದು. ಎಲ್ಲವೂ ಒಣಗಿದ ಬಳಿಕ ಮೈನ್ ಎತ್ತಿ, ಮೊದಲು ನಿಧಾನದ ವೇಗದಲ್ಲಿ ತಿರುಗಿಸಿ ನೋಡಬೇಕು.

ಮೇಜಿನ ಫ್ಯಾನಿಗೆ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕೈಯ ಹತ್ತಿರವೇ ಇಟ್ಟುಕೊಂಡು ಕೆಲಸ ಮಾಡಬೇಕು. ಮುಂದಿನ ಜಾಲರಿಯನ್ನು ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆಯಬಹುದು. ಬಿಚ್ಚಲು ಬರುವ ಪ್ಲಾಸ್ಟಿಕ್ ರೆಕ್ಕೆಯನ್ನೂ ತೊಳೆಯಬಹುದು. ರೆಕ್ಕೆಯನ್ನು ಹಿಡಿದಿಡುವ ತಿರುಪು ಅನೇಕ ಫ್ಯಾನುಗಳಲ್ಲಿ ಎಡಮರೆಯದು. ರೂಢಿಗೆ ವಿರುದ್ಧವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಲೋಹದ ಮೈಯುಳ್ಳ ಹಳೆಯ ಫ್ಯಾನಾದರೆ ಮೂರು ಕಡ್ಡಿಯ ಪ್ಲಗ್ಗು, ಸರಿಯಾದ ಅರ್ತಿಂಗು ಇವೆಯೇ ಎಂದು ನೋಡತಕ್ಕದ್ದು. ಮಕ್ಕಳಿರುವ ಮನೆಯಲ್ಲಿ ಜಾಲರಿಯಿಲ್ಲದೆ ಅದನ್ನು ತಿರುಗಿಸುವುದು ಅಪರಾಧಕ್ಕೆ ಸಮ.

ಎಣ್ಣೆಯ ಪ್ರಶ್ನೆ

ತೆಂಗಿನ ಸೀಮೆಯವರಾದ ನಮಗೆ ಯಾವುದು ಕಿರುಗುಟ್ಟಿದರೂ ಮೊದಲು ನೆನಪಾಗುವುದು ಕೊಬ್ಬರಿ ಎಣ್ಣೆ. ಬಾಗಿಲಿನ ಕೀಲಿಗೆ ಅದು ನಡೆದೀತು, ಫ್ಯಾನಿಗೆ ಸಲ್ಲದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆಂಬುದನ್ನು ಧನುರ್ಮಾಸದ ಬೆಳಗಿನಲ್ಲಿ ಸೀಸೆಯನ್ನು ನೋಡಿದವರೆಲ್ಲ ಬಲ್ಲರು. ಕಾಲಕ್ರಮದಲ್ಲಿ ಅದು ಅಂಟಾಗಿ ಧೂಳನ್ನೂ ಹಿಡಿಯುತ್ತದೆ. ಕಡಲೆಕಾಯಿ ಎಣ್ಣೆ, ಹರಳೆಣ್ಣೆಗಳೂ ಈ ಕೆಲಸಕ್ಕೆ ಆಗವು.

ಈಗಿನ ಮಾಡಿನ ಫ್ಯಾನುಗಳ ಬೇರಿಂಗುಗಳು ಸಾಮಾನ್ಯವಾಗಿ ಗ್ರೀಸು ತುಂಬಿ ಎರಡು ಕಡೆಯೂ ಮುಚ್ಚಿದವು. ಹೊರಗಿನಿಂದ ಸುರಿದ ಎಣ್ಣೆ ಅವುಗಳೊಳಗೆ ಹೋಗದು. ಅದು ಸುರುಳಿಯ ಮೇಲೆ ಇಳಿದು ಕೆಡುಕನ್ನೇ ಮಾಡುತ್ತದೆ. ಅವು ಸವೆದು ಸದ್ದು ಮಾಡಿದರೆ ಬದಲಾಯಿಸುವುದೊಂದೇ ದಾರಿ. ಮೇಜಿನ ಫ್ಯಾನುಗಳ ಸ್ಥಿತಿ ಬೇರೆ. ಅವುಗಳಲ್ಲಿ ಬಹುಪಾಲು ಗುಂಡುಗಳ ಬದಲು ಲೋಹದ ಬುಷ್ಷು, ಅದರ ಸುತ್ತ ಎಣ್ಣೆ ಹೀರಿಕೊಳ್ಳುವ ಉಣ್ಣೆಯ ತುಂಡು ಇರುತ್ತವೆ. ಅಲ್ಲಿಗೆ ವರ್ಷಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯ ಎರಡು ಮೂರು ಹನಿ ಸಾಕು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಳಿದಂತೆ ಬಳಿಯುವುದು ಬೇಡ.

ಲಕ್ಷಣ ನೋಡಿ ಕಾಯಿಲೆ ತಿಳಿಯುವುದು

ಫ್ಯಾನು ನಿಧಾನವಾಯಿತೆಂದು ರಿಪೇರಿಗೆ ಕೊಂಡೊಯ್ಯುವ ಮೊದಲು ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ, ಸಂಜೆ ಎಲ್ಲ ಮನೆಗಳ ದೀಪ ಹೊತ್ತಿದಾಗ ವೋಲ್ಟೇಜು ಇಳಿಯುವುದುಂಟು. ಸಂಜೆ ನಿಧಾನವಾಗಿದ್ದ ಫ್ಯಾನು ನಡುರಾತ್ರಿ ಚುರುಕಾದರೆ ದೋಷ ಫ್ಯಾನಿನದಲ್ಲ, ವೋಲ್ಟೇಜಿನದು. ಸರಿರಾತ್ರಿಯಲ್ಲೂ ನಿಧಾನವಾಗಿದ್ದರೆ, ಅಥವಾ ಸ್ವಿಚ್ಚು ಹಾಕಿದಾಗ ಗುಂಯ್ ಎಂದು ನಿಂತಿದ್ದು ಕೋಲಿನಿಂದ ನೂಕಿದರೆ ಮಾತ್ರ ತಿರುಗತೊಡಗಿದರೆ, ಕಂಡೆನ್ಸರು ಸೊರಗಿದೆಯೆಂದು ಬಹುಮಟ್ಟಿಗೆ ತಿಳಿಯಬಹುದು. ಇದು ಅಗ್ಗದ ವಸ್ತು. ಇದಕ್ಕಾಗಿ ಹೊಸ ಫ್ಯಾನು ಕೊಳ್ಳಬೇಕಾಗಿಲ್ಲ. ಬದಲಾಯಿಸುವಾಗ ಹಳೆಯದರ ಮೇಲೆ ಬರೆದ ಅಳತೆಯದನ್ನೇ ಹಾಕಿಸಬೇಕು. ಹೆಚ್ಚಿನ ಅಳತೆಯದನ್ನು ಹಾಕಿದರೆ ವೇಗ ಬಂದಂತೆ ತೋರಿದರೂ ಸುರುಳಿ ಕಾಯ್ದು ಬೇಗ ಸುಡುತ್ತದೆ.

ಓಲಾಡುವ ಫ್ಯಾನಿಗೆ ಕಾರಣಗಳು ಮೂರು: ಒಂದು ರೆಕ್ಕೆಯ ಮೇಲೆ ಧೂಳು ಹೆಚ್ಚಿರುವುದು, ತಿರುಪು ಸಡಿಲವಾಗಿರುವುದು, ರೆಕ್ಕೆ ಬಾಗಿರುವುದು. ಬಾಗಿರುವುದನ್ನು ಅಳೆಯಲು ತೆಂಗಿನ ಗರಿಯ ಉದ್ದನೆಯ ಕಡ್ಡಿಯೇ ಸಾಕು. ಮಾಡಿನಿಂದ ಒಂದು ರೆಕ್ಕೆಯ ತುದಿಯವರೆಗೆ ಕಡ್ಡಿಯನ್ನು ಹಿಡಿದು ಗುರುತು ಮಾಡಿ, ಕಡ್ಡಿಯನ್ನು ಅಲ್ಲಿಯೇ ಇಟ್ಟುಕೊಂಡು ಉಳಿದ ರೆಕ್ಕೆಗಳನ್ನು ಒಂದೊಂದಾಗಿ ಅದೇ ಜಾಗಕ್ಕೆ ತಿರುಗಿಸಿ ನೋಡಿದರೆ, ಯಾವುದು ಏರಿದೆ ಯಾವುದು ಇಳಿದಿದೆ ಎಂಬುದು ತಿಳಿಯುತ್ತದೆ. ಒಂದೇ ಜಾಗದಲ್ಲಿ ಅಳೆಯುವುದರಿಂದ ಮಾಡಿನ ಓರೆಯೂ ಲೆಕ್ಕಕ್ಕೆ ಬಾರದು. ಮೂರು ರೆಕ್ಕೆಗಳೂ ತೂಕ ಹೊಂದಿಸಿ ಮಾಡಿದ ಜೊತೆಗಳು. ಇನ್ನೊಂದು ಫ್ಯಾನಿನ ರೆಕ್ಕೆಯನ್ನು ತಂದು ಸೇರಿಸಬಾರದು.

ಇನ್ನು ಮೇಲಿನ ಕೊಕ್ಕೆ. ಗಾಡಿಯ ಚಕ್ರ ಕಳಚದಂತೆ ಕಡಾಣಿ ಹೇಗೋ ಹಾಗೆ, ಫ್ಯಾನಿನ ಸರಳನ್ನು ಹಿಡಿದಿರುವ ಬೋಲ್ಟು ಜಾರದಂತೆ ಸೀಳಿದ ಸಣ್ಣ ಪಿನ್ನೊಂದಿರುತ್ತದೆ. ನಾಲ್ಕೈದು ಕಿಲೋಗ್ರಾಂ ತೂಗುವ ಯಂತ್ರವು ನಿದ್ರಿಸುವವರ ತಲೆಯ ಮೇಲೆ ನಿಂತಿರುವುದು ಈ ಪಿನ್ನಿನ ಭರವಸೆಯ ಮೇಲೆ. ಹಳೆಯ ತೊಲೆಯ ಮನೆಗಳಲ್ಲಿ ಕೊಕ್ಕೆಯ ಬಳಿ ಗೆದ್ದಲು ಹಿಡಿದಿಲ್ಲವಷ್ಟೆ ಎಂದೂ ನೋಡಬೇಕು. ಕಡಾಣಿ ನೋಡದೆ ನಮ್ಮ ಹಿರಿಯರು ಗಾಡಿ ಹೂಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ತಿಳಿದವರನ್ನು ಕರೆಸಿ ಈ ಪಿನ್ನು, ಬೋಲ್ಟು, ರಬ್ಬರು, ತಂತಿಗಳನ್ನು ನೋಡಿಸುವುದು ಗೃಹಸ್ಥನ ಕರ್ತವ್ಯ. ಸುಟ್ಟ ವಾಸನೆ, ಕಿಡಿ, ಮುಟ್ಟಿದರೆ ಜುಮ್ಮೆನ್ನುವುದು ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಮೈನ್ ಇಳಿಸಿ, ರಿಪೇರಿಯವರು ಬರುವವರೆಗೆ ಆ ಫ್ಯಾನನ್ನು ಹಾಕಕೂಡದು.

ಖರ್ಚಿನ ಲೆಕ್ಕ

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಲೆಕ್ಕವನ್ನು ಬಿಡಲಾರೆ. ಸಾಮಾನ್ಯ ಫ್ಯಾನು ಪೂರ್ಣ ವೇಗದಲ್ಲಿ ಸುಮಾರು 75 ವ್ಯಾಟು ಬಳಸುತ್ತದೆ. ದಿನಕ್ಕೆ 10 ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್ಟು. 30 ದಿನಕ್ಕೆ 22.5 ಯೂನಿಟ್ಟು. ಹೊಸ ಬಗೆಯ ಬಿ.ಎಲ್.ಡಿ.ಸಿ. ಫ್ಯಾನುಗಳು ಸುಮಾರು 30 ವ್ಯಾಟು ಬಳಸುವುದರಿಂದ ಅದೇ ಕೆಲಸಕ್ಕೆ 9 ಯೂನಿಟ್ಟು. 2023ರ ಜನವರಿ 1ರಿಂದ ಮಾಡಿನ ಫ್ಯಾನುಗಳಿಗೆ ನಕ್ಷತ್ರದ ಗುರುತಿನ ಚೀಟಿ ಕಡ್ಡಾಯವಾಗಿದೆ. ಕೊಳ್ಳುವಾಗ ಅದನ್ನು ನೋಡಬೇಕು. ಈ ಹೊಸ ಫ್ಯಾನುಗಳೊಳಗೆ ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಫಲಕವಿರುವುದರಿಂದ ತೇವದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇವುಗಳನ್ನು ಗೋಡೆಯ ಹಳೆಯ ರೆಗ್ಯುಲೇಟರಿನ ಮೂಲಕ ನಡೆಸಲೂ ಕೂಡದು.

ಹಳೆಯ ಕಾಲದ ದೊಡ್ಡ ಪೆಟ್ಟಿಗೆಯ ರೆಗ್ಯುಲೇಟರು ವೇಗವನ್ನು ತಗ್ಗಿಸುವಾಗ ಉಳಿದ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಉಳಿತಾಯವುಂಟು. ಇನ್ನೊಂದು ಮಾತು: ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ. ಮೈಯ ಬೆವರು ಬೇಗ ಆರುವಂತೆ ಮಾಡಿ ನಮ್ಮನ್ನು ತಂಪು ಮಾಡುತ್ತದೆ. ಆದಕಾರಣ ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದು ಬರಿದೇ ನಷ್ಟ.

ಕಾಲನಿಯಮ

ಹೊಸದೊಂದು ಪಂಚಾಂಗವನ್ನು ಬರೆಯಬೇಕಾಗಿಲ್ಲ. ಇರುವ ಪಂಚಾಂಗವೇ ಸಾಕು. ತಿಂಗಳಿಗೊಮ್ಮೆ ಗವುಸಿನಿಂದ ಒಣಧೂಳು ತೆಗೆಯುವುದು. ಯುಗಾದಿಗೆ ಸುಣ್ಣ ಬಣ್ಣ ಮಾಡುವಾಗ ಪೂರ್ತಿ ಶುಚಿ. ಒಕ್ಕಣೆಯ ಧೂಳೂ ಕಳೆಯುತ್ತದೆ, ಬೇಸಗೆಗೂ ಸಿದ್ಧವಾಗುತ್ತದೆ. ಸುಣ್ಣ ಹೊಡೆಯುವ ದಿನ ಫ್ಯಾನಿಗೆ ಬಟ್ಟೆ ಸುತ್ತಿರಬೇಕು. ಆಷಾಢದ ಗಾಳಿ ಮುಗಿದ ಮೇಲೆ ಮಹಾನವಮಿಗೆ ಇನ್ನೊಮ್ಮೆ ಪೂರ್ತಿ ಶುಚಿ. ಕೊಕ್ಕೆ ಪಿನ್ನುಗಳ ತಪಾಸಣೆಯೂ ಆಗಲೇ ಆಗಲಿ.

ಆಯುಧಪೂಜೆಯಲ್ಲಿ ನೇಗಿಲು, ಕುಡುಗೋಲು, ಸೈಕಲ್ಲು, ಟ್ರ್ಯಾಕ್ಟರುಗಳ ಸಾಲಿನಲ್ಲಿ ಈಗ ಫ್ಯಾನಿಗೂ ಕುಂಕುಮ ಇಡುವವರಿದ್ದಾರೆ. ಇದು ಸಂತೋಷದ ವಿಷಯ. ಆದರೆ ಮೋಟಾರಿನ ಮೇಲೆ ಅರಿಶಿನದ ನೀರು ಚಿಮುಕಿಸುವುದೂ, ರೆಕ್ಕೆಗೆ ಹೂವಿನ ಸರ ಕಟ್ಟಿ ತಿರುಗಿಸುವುದೂ ಬೇಡ. ನಮ್ಮ ಹಿರಿಯರು ಮೊದಲು ಆಯುಧವನ್ನು ತೊಳೆದು, ಉಜ್ಜಿ, ಹದಗೊಳಿಸಿ, ಆಮೇಲೆ ಪೂಜಿಸುತ್ತಿದ್ದರು. ಪೂಜೆಯ ಅರ್ಧ ಭಾಗ ಆ ಪಾಲನೆಯಲ್ಲೇ ಇತ್ತು.

ಮುಕ್ತಾಯ

ಮೇಲೆ ಹೇಳಿದ್ದನ್ನೆಲ್ಲ ಮೂರು ಮಾತಿನಲ್ಲಿ ಸಂಗ್ರಹಿಸಬಹುದು: ಮೈನ್ ಇಳಿಸದೆ ಮುಟ್ಟಬೇಡಿ, ಮೋಟಾರಿಗೆ ನೀರನ್ನೂ ಅಡಿಗೆ ಎಣ್ಣೆಯನ್ನೂ ತೋರಿಸಬೇಡಿ, ರೆಕ್ಕೆ ನಿಮ್ಮದು, ತಂತಿ ತಿಳಿದವನದು. ಇದರಲ್ಲಿ ದೊಡ್ಡ ಶಾಸ್ತ್ರವೇನೂ ಇಲ್ಲ. ಆದರೆ ಇಷ್ಟು ತಿಳಿಯದೆ ಏಣಿ ಹತ್ತುವವರು ನಮ್ಮ ಮನೆಗಳಲ್ಲಿರುವಾಗ, ತಿಳಿದವರು ಸುಮ್ಮನಿರುವುದು ಸರಿಯಲ್ಲ. ಪದವಿಯ ಪ್ರಯೋಜನವನ್ನು ಕುರಿತು ನಾವು ಚರ್ಚಾಕೂಟಗಳಲ್ಲಿ ಬಹಳ ಮಾತನಾಡುತ್ತೇವೆ. ಪೆಟ್ಟಿಗೆಯೊಳಗಿನ ಆ ಇಂಗ್ಲಿಷ್ ಚೀಟಿಯನ್ನು ತೆಗೆದು, ಮನೆಯವರನ್ನು ಕೂರಿಸಿಕೊಂಡು, ಅವರ ಮಾತಿನಲ್ಲಿ ಅದನ್ನು ವಿವರಿಸುವುದೂ, ಮುಂದಿನ ಹಬ್ಬಕ್ಕೆ ಸ್ಟೂಲನ್ನು ತಾನೇ ಹತ್ತುವುದೂ ಆ ಪ್ರಯೋಜನಗಳಲ್ಲಿ ಒಂದೆಂದು ನನ್ನ ನಮ್ರ ಅಭಿಪ್ರಾಯ.